ಟಗರಿನ ಉಚ್ಚೆ, ಕುರಿಯ ಹಸಿವು

ಸಿದ್ದಾಪುರದ ಹುಲಿಯಪ್ಪನ ಟಗರು ಒಂದು ಗುದ್ದು ಗುದ್ದಿದರೆ ಜಟಿಂಗರಾಮೇಶ್ವರ ಬೆಟ್ಟ ಒಂದು ಮಾರು ಹಿಂದಕ್ಕೆ ಸರಿಯುತ್ತಿತ್ತು. ನಂಬದಿದ್ದರೆ ಹುಲಿಯಪ್ಪನನ್ನೇ ಕೇಳಿ, ಅವನು ಎರಡು ಮಾರು ಅನ್ನುತ್ತಾನೆ. ಆ ಟಗರಿಗೆ ದಿನಾ ಬೇಯಿಸಿದ ಹುರುಳಿ, ಚಳ್ಳಕೆರೆ ಮಿಲ್ಲಿನ ಶೇಂಗಾ ಹಿಂಡಿ. ಉಳಿದ ಕುರಿಗಳಿಗೆ ಗುಡ್ಡದ ಒಣಹುಲ್ಲು.

ಆ ಕುರಿಗಳಲ್ಲಿ ಒಂದು ಅವನ ಹೆಂಡತಿ ಕರಿಯಕ್ಕನದು, ತವರಿನಿಂದ ಬಂದದ್ದು. ತುಂಬಿದ ಗಬ್ಬ. ಹೊಟ್ಟೆ ನೋಡಿದರೆ ಎರಡು ಮರಿ ಖಂಡಿತ. ಅದು ಮಂದೆಯಿಂದ ಹಿಂದೆ ಬೀಳತೊಡಗಿದಾಗ ಕರಿಯಕ್ಕ ಪಕ್ಕದ ಮನೆಯ ಸರಿತಾಳಿಗೆ ಹೇಳಿದಳು. ಸರಿತಾ ಮಹಿಳಾ ಸಂಘದ ಪಶುಸಖಿ, ಊರಿನ ದನಕುರಿಗಳ ಆರೋಗ್ಯ ನೋಡಿಕೊಳ್ಳುವವಳು. ಹಸಿವಿನಿಂದ ಸೊರಗಿರಬಹುದು, ಉಚ್ಚೆ ಪರೀಕ್ಷೆ ಮಾಡೋಣ ಎಂದಳು.

ಹುಲಿಯಪ್ಪ ನಕ್ಕ. "ಉಚ್ಚೆ ನೋಡಿ ಹಸಿವು ಹೇಳ್ತೀಯೇನವ್ವ? ಅದರ ಹೊಟ್ಟೆ ನೋಡು, ನಗಾರಿ ಆಗೈತೆ."

"ನಗಾರಿ ಒಳಗೆ ಏನೈತೆ ಮಾವ, ಬರೀ ಗಾಳಿ."

ಒಣಹುಲ್ಲಿನಿಂದ ಹೊಟ್ಟೆ ತುಂಬುತ್ತದೆ, ಕಸುವು ಬರುವುದಿಲ್ಲ ಎಂದು ಸರಿತಾ ಬಿಡಿಸಿ ಹೇಳಿದಳು. ಕಸುವು ಸಾಲದಿದ್ದರೆ ಗಬ್ಬದ ಕುರಿ ತನ್ನ ಮೈಕೊಬ್ಬನ್ನೇ ಕರಗಿಸಿ ಮರಿಗೆ ಕೊಡುತ್ತದೆ. ಹಾಗೆ ಕರಗಿದ್ದರ ಗುರುತು ಉಚ್ಚೆಯಲ್ಲಿ ಸಿಗುತ್ತದೆ. ಅದರಲ್ಲಿ ಪರೀಕ್ಷೆಯ ಕಾಗದದ ಪಟ್ಟಿ ಅದ್ದಿದರೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಉಣ್ಣೆಯ ಕೆಳಗೆ ಮೂಳೆ ಎದ್ದದ್ದು ಕಣ್ಣಿಗೆ ಕಾಣದಿದ್ದರೂ ಪಟ್ಟಿಗೆ ಕಾಣುತ್ತದೆ.

ಸರಿ, ಹುಲಿಯಪ್ಪ ಲೋಟ ಹಿಡಿದು ಕುರಿಯ ಹಿಂದೆ ಹೊರಟ. ಕುರಿಯೋ, ಅವತ್ತು ಲೋಕದ ಜಿಪುಣರಿಗೆಲ್ಲ ಗುರುವಾಯಿತು. ಬೆನ್ನು ಬಗ್ಗಿಸಿಕೊಂಡು ಅವನು ಆಂಧ್ರದ ಗಡಿಯನ್ನೇ ಮುಟ್ಟಿ ಬಂದನಂತೆ. ದಾರಿಯಲ್ಲಿ ಸಿಕ್ಕವರೆಲ್ಲ ಏನು ಕಳೆದುಕೊಂಡೆ ಎಂದು ಕೇಳಿ ಕೇಳಿ ನಕ್ಕರು. ಖಾಲಿ ಲೋಟ ಹಿಡಿದು ಮನೆಗೆ ಬಂದರೆ ಮಾನ ಉಳಿಯುತ್ತದೆಯೇ? ಹಟ್ಟಿಯಲ್ಲಿ ಟಗರು ಮಾರಿಕಣಿವೆ ಅಣೆಕಟ್ಟಿನ ತೂಬು ತೆಗೆದಂತೆ ಹೊಯ್ಯುತ್ತಿತ್ತು. ಹುಲಿಯಪ್ಪ ಅತ್ತ ಇತ್ತ ನೋಡಿ ಲೋಟ ಒಡ್ಡಿದ.

ಸರಿತಾ ಅದ್ದಿದ ಪಟ್ಟಿಯ ಬಣ್ಣ ಬದಲಾಗಲಿಲ್ಲ. ಹುಲಿಯಪ್ಪ ತಿರುವಿದ ಮೀಸೆಯ ತುದಿ ನಾಯಕನಹಟ್ಟಿಗೆ ತಾಗಿತು.

ಎರಡು ದಿನ ಕಳೆದು ಬೆಳಗಾದಾಗ ಕುರಿ ಏಳಲಿಲ್ಲ. ಹಲ್ಲು ಕಡಿಯುತ್ತಿತ್ತು. ಕಣ್ಣು ತೆರೆದಿತ್ತು, ಏನನ್ನೂ ನೋಡುತ್ತಿರಲಿಲ್ಲ. ಕರಿಯಕ್ಕ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. "ನಮ್ಮವ್ವ ಕೊಟ್ಟಿದ್ದು ಇದು. ಹೋದ್ರೆ ಇದೊಂದೇ ಹೋಗಲ್ಲ, ಹೊಟ್ಟೇಲಿರೋವೂ ಹೋಗ್ತಾವೆ."

ಸರಿತಾ ಓಡಿಬಂದಳು. ಪಟ್ಟಿ ಸರಿಯಾಗಿಯೇ ಇತ್ತಲ್ಲ ಎಂದು ತಲೆ ಕೆರೆದುಕೊಂಡಳು. ಆಗ ಹುಲಿಯಪ್ಪ ಗೋಡೆಗೆ ಹೇಳುವವನಂತೆ, "ಅದು ಟಗರಿಂದು," ಎಂದ.

ಕರಿಯಕ್ಕ ಬೈಯಲಿಲ್ಲ. "ಹುಟ್ಟಾ ಕುರಿ ಕಾಯೋನು ನೀನು. ಮಲಗಿದ ಕುರಿ ಎಬ್ಬಿಸಿ ನಿಲ್ಲಿಸಿದ್ರೆ ಮೊದ್ಲು ಉಚ್ಚೆ ಹೊಯ್ತೈತೆ ಅನ್ನೋದು ಮರ್ತೋಯ್ತಾ?" ಎಂದಷ್ಟೇ ಹೇಳಿದಳು.

ಮೂವರೂ ಸೇರಿ ಮೆಲ್ಲಗೆ ಎತ್ತಿ ನಿಲ್ಲಿಸಿದರು. ಕುರಿ ಹೊಯ್ದಿತು. ಪಟ್ಟಿ ಕಡುನೇರಳೆಯಾಯಿತು. ಸರಿತಾ ಫೋನ್ ಮಾಡಿದಳು. ಮೊಳಕಾಲ್ಮೂರಿನಿಂದ ಡಾಕ್ಟರು ಬಂದು ಗ್ಲೂಕೋಸ್ ಏರಿಸಿದರು, ಕುಡಿಸಲು ಔಷಧಿ ಕೊಟ್ಟರು. ಸಂಜೆವರೆಗೆ ಬಿಟ್ಟಿದ್ದರೆ ಉಳಿಸುವುದು ನನ್ನ ಕೈಯಲ್ಲೂ ಇರುತ್ತಿರಲಿಲ್ಲ ಎಂದರು. ಹುರುಳಿ, ಹಿಂಡಿಯನ್ನು ಒಮ್ಮೆಲೇ ಸುರಿಯಬೇಡಿ, ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ ಎಂದೂ ಹೇಳಿದರು.

ಅಂದಿನಿಂದ ಟಗರಿನ ಬುಟ್ಟಿ ಗಬ್ಬದ ಕುರಿಗಳ ಮುಂದೆ ಬಂತು. ಹುಲಿಯಪ್ಪ ಅವನ್ನೆಲ್ಲ ಬೇರೆ ಕಟ್ಟಿದ. ಬೆಳಗಾದರೆ ಒಂದೊಂದನ್ನೇ ಎಬ್ಬಿಸಿ, ಲೋಟ ಹಿಡಿದು ತಾನೇ ಸರಿತಾಳನ್ನು ಕೂಗತೊಡಗಿದ. ಕರಿಯಕ್ಕನ ಕುರಿ ಚೇತರಿಸಿಕೊಂಡು ಎರಡು ಮರಿ ಹಾಕಿತು. ಹುಟ್ಟಿದ ಗಳಿಗೆಯಲ್ಲೇ ಅವು ಬೇಲಿ ಹಾರಿದವು ಎಂದು ಹುಲಿಯಪ್ಪ ಸಾರುತ್ತಾನೆ. ಅದರಲ್ಲಿ ಮುಕ್ಕಾಲು ಪಾಲು ಕಳೆಯಿರಿ.

ಆದರೆ ಈ ಮಾತಿನಲ್ಲಿ ಒಂದು ಅಕ್ಷರವನ್ನೂ ಕಳೆಯಬೇಡಿ. ಕುರಿ ಸಾಕುವ ಅಣ್ಣಂದಿರೇ, ಅಕ್ಕಂದಿರೇ, ಈಯುವ ಮುಂಚಿನ ಒಂದೂವರೆ ತಿಂಗಳು ಹೊಟ್ಟೆ ನೋಡಿ ಮೋಸ ಹೋಗಬೇಡಿ. ಪಶುಸಖಿಯನ್ನೋ ಪಶು ಆಸ್ಪತ್ರೆಯವರನ್ನೋ ಕೇಳಿ ಉಚ್ಚೆ ಪರೀಕ್ಷೆ ಮಾಡಿಸಿ. ಯಾವ ಕುರಿಯ ಚಿಂತೆಯೋ ಅದೇ ಕುರಿಯ ಉಚ್ಚೆ ಹಿಡಿಯಿರಿ. ಬಣ್ಣ ಬಂದರೆ ಆಗಲೇ ಡಾಕ್ಟರನ್ನು ಕರೆಯಿರಿ. ಬಾಯಿಲ್ಲದ ಜೀವ ತನ್ನ ಹಸಿವನ್ನು ಹೇಳುವ ದಾರಿ ಅದೊಂದೇ. ನಾಳೆ ಬೆಳಿಗ್ಗೆಯೇ ಕೇಳಿ ನೋಡಿ.