ಹದಿನಾಲ್ಕು ಹೆಜ್ಜೆಯ ತವರು

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಕಟ್ಟಿದವರಿಗೆ ಅಕ್ಕನ ಪರಿಚಯ ಇರಲಿಲ್ಲ. ಅವಳು ಉಂಡ ಮೇಲೂ ಆಡುತ್ತಿದ್ದಳು, ಮಲಗಿ ಎದ್ದ ಮೇಲೂ ಆಡುತ್ತಿದ್ದಳು. ಜಗಳ ಕೈಮೀರಿತು ಅನ್ನಿಸಿದರೆ ದಿಂಬನ್ನು ಕಂಕುಳಲ್ಲಿ ಇರುಕಿಕೊಂಡು, ಬಾಗಿಲು ಬಡಿದು, ಹದಿನಾಲ್ಕು ಹೆಜ್ಜೆ ನಡೆದು ಪಕ್ಕದ ಫ್ಲ್ಯಾಟಿಗೆ ಹೋಗಿಬಿಡುತ್ತಿದ್ದಳು. ಅದು ತಂಗಿಯ ಮನೆ. ಅಪ್ಪ ಅಮ್ಮ ತೀರಿದ ಮೇಲೆ ತವರು ಅಂತ ಉಳಿದದ್ದು ಅದೊಂದೇ. ತಂಗಿ ಏನೂ ಕೇಳದೆ ಟೀಗೆ ನೀರಿಡುತ್ತಿದ್ದಳು. ಸಂಜೆಯೊಳಗೆ ಗಂಡ ಬಂದು ಬೆಲ್ ಒತ್ತುತ್ತಿದ್ದ. ಹನ್ನೊಂದು ವರ್ಷದ ಸಂಸಾರ ನಿಂತದ್ದು ಆ ಬೆಲ್ಲಿನ ಮೇಲೆ.

ಹಾಗಿದ್ದರೂ, ಎರಡು ಫ್ಲ್ಯಾಟ್ ಸೇರಿಸಿ ಒಂದೇ ಮನೆ ಮಾಡೋಣ ಎಂದಾಗ ಮೊದಲು ಕುಣಿದವಳು ಅಕ್ಕನೇ. ತಂಗಿಯ ಕಿಟಕಿಗೆ ಸಮುದ್ರ ಕಾಣುತ್ತಿತ್ತು, ಅಕ್ಕನ ಕಿಟಕಿಗೆ ನೀರಿನ ಟ್ಯಾಂಕು. ನಡುವಿನ ಗೋಡೆ ಭಾರ ಹೊರುವುದಲ್ಲ, ಕೆಡವಬಹುದು ಎಂದು ಎಂಜಿನಿಯರ್ ಬರೆದುಕೊಟ್ಟ. ಷಡ್ಡಕರಿಬ್ಬರೂ ಟೇಪು ಹಿಡಿದು ನೆಲದ ಮೇಲೆ ತೆವಳಿದರು. ನಕ್ಷೆ ಬಂತು: ಒಂದು ದೊಡ್ಡ ಹಾಲ್, ಒಂದು ಅಡುಗೆಮನೆ, ಒಂದು ಮುಂಬಾಗಿಲು. ತಂಗಿಯ ಬಾಗಿಲಿಗೆ ಇಟ್ಟಿಗೆ ಕಟ್ಟಿ ಅಲ್ಲಿ ಪುಸ್ತಕದ ಕಪಾಟು.

ಗೋಡೆ ಎರಡು ದಿನದಲ್ಲಿ ಬಿತ್ತು. ಕಡಲ ಬೆಳಕು ಯಾರ ಅಪ್ಪಣೆಯನ್ನೂ ಕೇಳದೆ ಅಕ್ಕನ ಒಲೆಯ ತನಕ ಬಂದು, ಅದರ ಹಿಂದೆ ಅಂಟಿದ್ದ ಹನ್ನೊಂದು ವರ್ಷದ ಎಣ್ಣೆಜಿಡ್ಡನ್ನು ಎಲ್ಲರಿಗೂ ತೋರಿಸಿತು. ಇಷ್ಟು ವರ್ಷ ಇದರ ಪಕ್ಕದಲ್ಲಿ ಬೆಂದದ್ದನ್ನೇ ಉಂಡೆನಾ ಎಂದ ಗಂಡ. ಅಷ್ಟು ಸಾಕಾಯಿತು.

ಅಕ್ಕ ದಿಂಬು ತೆಗೆದುಕೊಂಡಳು, ಬಾಗಿಲು ಬಡಿದಳು, ಹದಿನಾಲ್ಕು ಹೆಜ್ಜೆ ನಡೆದು ತಂಗಿಯ ಮನೆ ಹೊಕ್ಕಳು, ಪ್ಲಾಸ್ಟಿಕ್ ಹೊದಿಸಿದ ಸೋಫಾದ ಮೇಲೆ ಕೂತಳು. ಕತ್ತೆತ್ತಿದರೆ ನೇರ ಎದುರಿಗೆ ಗಂಡ ಕಡಲೆಬೀಜ ತಿನ್ನುತ್ತಿದ್ದ. ಕೈ ಬೀಸಿದ.

"ಪ್ರಯಾಣ ಚೆನ್ನಾಗಾಯ್ತಾ?"

ತಂಗಿ ನಕ್ಕಳು, ಅವಳ ಗಂಡ ನಕ್ಕ, ಮೇಸ್ತ್ರಿ ಮರ್ಯಾದೆಗೆ ಬೆನ್ನು ತಿರುಗಿಸಿ ನಕ್ಕ. ಅಕ್ಕನಿಗೆ ನಗು ಬರಲಿಲ್ಲ. ಇನ್ನು ಮುನಿಸಿಕೊಂಡರೆ ಬಚ್ಚಲಲ್ಲಿ ಹೋಗಿ ಕೂರಬೇಕು ಎಂಬುದು ಅವಳಿಗೆ ಹೊಳೆದದ್ದೇ ಆಗ.

ಮರುದಿನ ಮೇಸ್ತ್ರಿ ಇಟ್ಟಿಗೆ ಪೇರಿಸಿ ಗಾರೆ ಕಲಸುವಾಗ ಅಕ್ಕ ತಂಗಿಯ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿ ಕೂತಳು. ಈ ಬಾಗಿಲು ಇರಲಿ ಎಂದಳು. ಒಂದು ಮನೆಗೆ ಎರಡು ಮುಂಬಾಗಿಲು ಯಾಕೆ, ಇದೇನು ಸಿನಿಮಾ ಟಾಕೀಸಾ ಎಂದ ಗಂಡ. ತಂಗಿಯ ಗಂಡ ತನ್ನ ಪುಸ್ತಕಗಳ ಗತಿ ಕೇಳಿದ. ಅವನ ಹತ್ತಿರ ಇದ್ದದ್ದು ಒಂಬತ್ತು. ಗಾರೆ ಗಟ್ಟಿಯಾದರೆ ತನ್ನನ್ನು ಕೇಳಬೇಡಿ ಎಂದ ಮೇಸ್ತ್ರಿ.

"ಇದನ್ನ ಮುಚ್ಚಿದ್ರೆ ನಾನೆಲ್ಲಿಗೆ ಹೋಗ್ಲಿ?" ಎಂದಳು ಅಕ್ಕ.

"ಹೋಗೋದ್ಯಾಕೆ? ಇಲ್ಲೇ ಇರು," ಎಂದ ಗಂಡ.

"ಹೋಗೋಕೊಂದು ಜಾಗ ಇತ್ತಲ್ಲ, ಅದಕ್ಕೇ ಕಣ್ರೀ ಇಷ್ಟು ವರ್ಷ ಇಲ್ಲೇ ಇರೋದು."

ಗಂಡ ಚಪ್ಪಲಿ ಮೆಟ್ಟಿಕೊಂಡು ಇನ್ನೊಂದು ಬಾಗಿಲಿನಿಂದ ಹೊರಗೆ ನಡೆದ. ಮೇಸ್ತ್ರಿ ಕರಣೆ ಹಿಡಿದು ಹಾಗೇ ನಿಂತ.

ಸ್ವಲ್ಪ ಹೊತ್ತಿಗೆ ಅಕ್ಕನ ಬೆನ್ನ ಹಿಂದೆ ಬೆಲ್ ಆಯಿತು. ಆ ಕಡೆ ಬಾಗಿಲು ಹಾರುಹೊಡೆದುಕೊಂಡೇ ಇತ್ತು. ಆದರೂ ಇಲ್ಲೇ ಬೆಲ್ ಆಯಿತು. ಅಕ್ಕ ಕದಲಲಿಲ್ಲ. ಎರಡನೇ ಸಲ ಆದಮೇಲೆ ಎದ್ದು ಕುರ್ಚಿ ಸರಿಸಿದಳು.

ತಂಗಿ ಟೀಗೆ ನೀರಿಟ್ಟಳು. ತಂದ ಇಟ್ಟಿಗೆ ಏನು ಮಾಡಲಿ ಎಂದು ಮೇಸ್ತ್ರಿ ಕೇಳಿದ.

"ಎರಡಿಟ್ಟಿಗೆ ಮೇಲೊಂದು ಹಲಗೆ ಇಡಿ," ಎಂದಳು ತಂಗಿ. "ಒಂಬತ್ತು ಪುಸ್ತಕಕ್ಕೆ ಅಷ್ಟು ಸಾಕು."