ಮಗುವಿಗೆ ಬಣ್ಣ ಬಂತು

ನನ್ನ ತಂಗಿ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಅಲ್ಲಿನ ಪದ್ಧತಿಯೇ ಹಾಗೆ: ಬೆಳ್ಳಗಿರುವ ಹುಡುಗಿಯರು ಮುಂದಿನ ಕೌಂಟರಿನಲ್ಲಿ ನಿಂತು, ಬಟ್ಟೆಯನ್ನು ತಮ್ಮ ಹೆಗಲ ಮೇಲೆ ಹರವಿ ಗಿರಾಕಿಗಳಿಗೆ ತೋರಿಸಬೇಕು, ಕಪ್ಪಗಿರುವವರು ಹಿಂದಿನ ಕೋಣೆಯಲ್ಲಿ ಕೂತು ಮಡಚಬೇಕು. ತಂಗಿ ಮಡಚುವವಳು. ಮಾಲೀಕ ಬೈಯುತ್ತಿರಲಿಲ್ಲ. "ನಿನ್ನ ಮೇಲೆ ಬಟ್ಟೆ ಬಣ್ಣ ಎದ್ದು ಕಾಣಲ್ಲಮ್ಮ" ಎಂದು ನಗುನಗುತ್ತಲೇ ಹೇಳುತ್ತಿದ್ದ. ಆ ನಗುವಿಗಿಷ್ಟು ಬೆಂಕಿ ಹಾಕ.

ನಾನು ಟೈಲರ್. ಬಣ್ಣದಲ್ಲಿ ತಂಗಿಗಿಂತ ಒಂದು ಕೈ ಮೇಲು, ಅಂದರೆ ಇನ್ನೂ ಕಪ್ಪು. ಆದರೆ ಅಳತೆ ಸರಿಯಿದ್ದರೆ ಹೊಲಿಯುವವಳ ಮುಖ ಯಾರಿಗೆ ಬೇಕು?

ಬ್ಯೂಟಿ ಪಾರ್ಲರಿನವಳೊಬ್ಬಳು ತಂಗಿಗೆ ಲೇಬಲ್ ಇಲ್ಲದ ಡಬ್ಬಿಯಲ್ಲಿ ಬೆಳ್ಳಗಾಗುವ ಕ್ರೀಮ್ ಒಂದನ್ನು ಕೊಟ್ಟಳು. ಮಲಗುವಾಗ ಹಚ್ಚಬೇಕು, ಬೆಳಿಗ್ಗೆ ತೊಳೆಯಬೇಕು.

"ಬೆಳ್ಳಗಿರೋದೆಲ್ಲ ಹಾಲಲ್ಲ ಕಣೇ" ಎಂದೆ.

"ನಿಂಗೇನು ಗೊತ್ತಕ್ಕ? ನೀನು ಕನ್ನಡಿ ನೋಡೋದೇ ಬಿಟ್ಟಿದ್ದೀಯ."

ಮಾತು ನಾಟಿತು. ಮತ್ತೆ ಮಿಷನ್ ತುಳಿಯತೊಡಗಿದೆ.

ಕೆಲವೇ ತಿಂಗಳಲ್ಲಿ ಅವಳ ಮುಖ ತಿಳಿಯಾಯಿತು, ಮುಂದಿನ ಕೌಂಟರೂ ಸಿಕ್ಕಿತು. ತಲೆ ತಗ್ಗಿಸಿ ನಡೆಯುತ್ತಿದ್ದವಳು ಈಗ ಬೀದಿಯ ನಡುವೆಯೇ ಬರುತ್ತಿದ್ದಳು. ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಅವಳ ಗಂಡ ಲಾರಿ ಓಡಿಸುವವನು, ಮನೆಯಲ್ಲಿರುತ್ತಿದ್ದುದೇ ಅಪರೂಪ. ಇದ್ದ ಒಬ್ಬಳೇ ಮಗಳಿಗೆ ಆಗಿನ್ನೂ ಎರಡು ವರ್ಷ. ನನ್ನ ಅಂಗಡಿಗೆ ಬಂದರೆ ಗುಂಡಿಗಳ ಡಬ್ಬಿ ಬಿಡುತ್ತಿರಲಿಲ್ಲವಾದ್ದರಿಂದ ನಾನು ಮಗುವನ್ನು ಗುಂಡಿ ಎಂದೇ ಕರೆಯುತ್ತಿದ್ದೆ. ಒಂದು ಬೆಳಿಗ್ಗೆ ತಂಗಿ ಅದನ್ನೆತ್ತಿಕೊಂಡು ಓಡಿ ಬಂದಳು.

"ಅಕ್ಕಾ, ನೋಡಿಲ್ಲಿ! ನನ್ನ ಮಗಳಿಗೆ ಬಣ್ಣ ಬರ್ತಿದೆ!"

ನಿಜ. ಮಗುವಿನ ಕೈಬೆರಳು, ಕಾಲ್ಬೆರಳುಗಳ ತುದಿಗಳು ಗುಲಾಬಿಯಾಗಿದ್ದವು. ಬಟ್ಟೆ ಹೊಲಿಸಲು ಬಂದಿದ್ದ ಪಕ್ಕದ ಮನೆಯಾಕೆ, "ಮೊದಲು ತುದಿಗೆ ಬರುತ್ತೆ, ಆಮೇಲೆ ಮೈಗೆಲ್ಲ ಹರಡುತ್ತೆ" ಎಂದಳು. ಎಲ್ಲರೂ ಬಲ್ಲವರೇ. ನಾವು ಒಬ್ಬರಾದ ಮೇಲೊಬ್ಬರು ಆ ಬೆರಳುಗಳಿಗೆ ಮುತ್ತಿಟ್ಟೆವು. ತಂಗಿ ಫೋಟೊ ತೆಗೆದು ಗಂಡನಿಗೂ ಕಳಿಸಿದಳು.

ಮಗು ಮಾತ್ರ ಅಳುತ್ತಲೇ ಇತ್ತು. ಊಟ ಬಿಟ್ಟಿತು. ಸುಮ್ಮನೆ ಕೂತರೂ ಬೆವರುತ್ತಿತ್ತು. ಕೆಳಗಿಳಿಸಿದರೆ ಕಾಲು ನೆಲಕ್ಕೆ ತಾಗಿಸದೆ ಚೀರುತ್ತಿತ್ತು. ಹಲ್ಲು ಬರುತ್ತಿರಬೇಕು ಅಂದುಕೊಂಡೆವು. ಗುಂಡಿಗಳ ಡಬ್ಬಿ ಮುಂದಿಟ್ಟರೂ ಕೈ ಚಾಚಲಿಲ್ಲ. ಕೊನೆಗೊಂದು ಮಧ್ಯಾಹ್ನ ಕಣ್ಣು ಮೇಲೆ ಮಾಡಿ ಸೆಟೆದುಕೊಂಡಿತು.

ಆಸ್ಪತ್ರೆಯಲ್ಲಿ ರಕ್ತ, ಮೂತ್ರ ಎರಡನ್ನೂ ಪರೀಕ್ಷೆ ಮಾಡಿದರು. ಡಾಕ್ಟರು ತಂಗಿಯ ಮುಖವನ್ನೇ ನೋಡುತ್ತ, "ನೀವು ಹಚ್ಚೋ ಕ್ರೀಮ್ ತರಿಸಿ" ಎಂದರು. ಅದನ್ನೂ ಪರೀಕ್ಷೆಗೆ ಕಳಿಸಿದರು. ಅದರಲ್ಲಿ ಪಾದರಸವಿತ್ತು. ಮಗುವಿನ ಮೈಯಲ್ಲೂ ಅದೇ.

"ಮಗೂಗೆ ಒಂದು ಚೂರೂ ಹಚ್ಚಿಲ್ಲ ಡಾಕ್ಟ್ರೇ, ನನ್ನಾಣೆ" ಎಂದಳು ತಂಗಿ. "ಇನ್ನೂ ಚಿಕ್ಕದು, ಸ್ವಲ್ಪ ದೊಡ್ಡದಾಗಲಿ ಅಂತ ಕಾಯ್ತಿದ್ದೆ."

"ಎಲ್ಲಿ ಮಲಗುತ್ತೆ ಮಗು?"

"ನನ್ನ ದಿಂಬಿನ ಮೇಲೇ. ಕೆನ್ನೆಗೆ ಕೆನ್ನೆ ಒತ್ತದಿದ್ರೆ ಅದಕ್ಕೆ ನಿದ್ದೆನೇ ಬರಲ್ಲ."

"ಮಗೂಗೆ ಹತ್ತೋಕೆ ಅಷ್ಟೇ ಸಾಕು" ಎಂದರು ಡಾಕ್ಟರು. ಆಮೇಲೆ ದನಿ ತಗ್ಗಿಸಿ, "ಬೆರಳು ಕೆಂಪಾಗಿರೋದು ಬಣ್ಣ ಬಂದಿದ್ದಲ್ಲಮ್ಮ. ವಿಷ ಅದು. ಇಷ್ಟು ದಿನವೂ ಮಗೂಗೆ ಬೆರಳೆಲ್ಲ ಉರೀತಿತ್ತು" ಎಂದರು.

ಆ ಉರಿಗೆ ನಾವು ಮುತ್ತಿಟ್ಟಿದ್ದೆವು.

ತಂಗಿಯ ಮೂತ್ರಪಿಂಡಗಳಿಗೂ ಪೆಟ್ಟು ಬಿದ್ದಿತ್ತು. ಅವಳು ಅದನ್ನು ಕೇಳಿಸಿಕೊಂಡಂತೆಯೇ ಕಾಣಲಿಲ್ಲ. ಮಗು ಮತ್ತೆ ಮೊದಲಿನ ಹಾಗೆ ನಡೆಯುತ್ತದೋ ಇಲ್ಲವೋ, ಡಾಕ್ಟರಿಗೂ ಗೊತ್ತಿರಲಿಲ್ಲ. ತಂಗಿ ನಲ್ಲಿಯ ಕೆಳಗೆ ಮುಖ ಉಜ್ಜಿದಳು, ಚರ್ಮ ಕಿತ್ತು ರಕ್ತ ಬರುವವರೆಗೆ ಉಜ್ಜಿದಳು. "ಸಾಕು, ಈಗ ಮಗೂನ ಎತ್ಕೋಬಹುದು" ಎಂದು ನರ್ಸೇ ಬಂದು ಹೇಳಿದಳು.

ಮಗು ಎಚ್ಚರವಾಗಿ "ಅಮ್ಮಾ" ಎಂದು ಎರಡೂ ಕೈ ಚಾಚಿತು. ತಂಗಿ ಮಂಚದ ಕಂಬಿ ಹಿಡಿದು ನಿಂತಲ್ಲೇ ನಿಂತಳು.

"ನೀನೇ ಎತ್ಕೋ ಅಕ್ಕ."

ಎತ್ತಿಕೊಂಡೆ. ಮಗು ಕಿರುಚುತ್ತ, ನನ್ನ ತೋಳುಗಳಿಂದ ಅವಳತ್ತ ವಾಲುತ್ತಲೇ ಇತ್ತು. ತಂಗಿ ಸೆರಗಿನಿಂದ ಮುಖ ಮುಚ್ಚಿಕೊಂಡು ಒಂದೊಂದೇ ಹೆಜ್ಜೆ ಹಿಂದೆ ಸರಿದಳು.