ಮಾರ್ಚಿಗೆ ಬಂದ ಕೂಗು

“ಪಾಸಾಯ್ತು ಭಾವ! ಮೇ ಅಲ್ಲ, ಮಾರ್ಚಿ!”

ಹೆಂಡತಿಯ ತಂಗಿ ಡೆಲ್ಫಿಯಾ ಬಾಗಿಲು ತಟ್ಟದೆಯೇ ಅಡುಗೆಮನೆಗೆ ನುಗ್ಗಿದಳು. ಹಾಲಿಸ್ ತಾತ ಮಜ್ಜಿಗೆಯ ಲೋಟಕ್ಕೆ ಮೆಕ್ಕೆಜೋಳದ ರೊಟ್ಟಿ ಮುರಿದು ಹಾಕುತ್ತಿದ್ದವನು ಕೈ ನಿಲ್ಲಿಸಿದ. ದೇಶದ ಅಧ್ಯಕ್ಷ ಸ್ಥಾನಕ್ಕೆ ಪಕ್ಷದ ಹುರಿಯಾಳನ್ನು ಆರಿಸುವ ಚುನಾವಣೆಯನ್ನು ರಾಜ್ಯದ ಶಾಸನಸಭೆ ಎರಡು ತಿಂಗಳು ಮೊದಲೇ ನಡೆಸಲು ಒಪ್ಪಿತ್ತು.

“ಯಾಕಂತೆ?” ತಾತನ ದನಿ ಒಣಗಿದ ಎಲೆಯಂತೆ ಸರಗುಟ್ಟಿತು.

“ದೊಡ್ಡ ದೊಡ್ಡೋರು ನಮ್ಮ ರಾಜ್ಯದ ಕಡೆಗೂ ಓಟು ಕೇಳ್ಕೊಂಡು ಬರ್ಲಿ ಅಂತ. ನಿಮ್ಮ ಗಂಟ್ಲಿಗೋಸ್ಕರ ಅಂದ್ಕೊಂಡ್ರಾ?”

ತಾತ ನಕ್ಕ. ನಗು ಕೆಮ್ಮಾಯಿತು. ಒಲೆಯ ಬಳಿ ನಿಂತಿದ್ದ ಮೊಮ್ಮಗಳು ರೆಂಡಾ ಆ ಸುದ್ದಿಗೆ ನಿರಾಳಳಾಗಿ, ಅವನಿಗೆ ನೀರು ತಂದುಕೊಟ್ಟಳು.

ತಾತನ ಗಂಟಲಿನ ಗಡ್ಡೆಗೆ ಏಪ್ರಿಲ್‌ನಲ್ಲಿ ಶಸ್ತ್ರಚಿಕಿತ್ಸೆ. ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಅಗ್ನಿಶಾಮಕ ಠಾಣೆಯಲ್ಲಿ ನಡೆಯುವ ಮತಗಟ್ಟೆಗೆ ಅವನೇ ಮುಖ್ಯಸ್ಥ. ಮತದಾನ ಶುರುವಾಗುವಾಗಲೂ ಮುಗಿಯುವಾಗಲೂ ಮುಖ್ಯಸ್ಥ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಕೂಗಿ ಸಾರಬೇಕು. ಮೇ ತಿಂಗಳಾಗಿದ್ದರೆ ಆ ಕೂಗು ಅವನ ಸಹಾಯಕಿ ರೆಂಡಾಳ ಪಾಲಿಗೆ ಬರುತ್ತಿತ್ತು. ಅಂಗಡಿಯಲ್ಲಿ ಉಪ್ಪು ಕೇಳಲೂ ಎರಡು ಸಲ ಬಾಯಿ ತೆರೆಯಬೇಕಾದವಳು ಅವಳು.

ಮಾರ್ಚಿಯ ಮತದಾನದ ಬೆಳಿಗ್ಗೆ ಹೊಳೆಯ ಮೇಲೆ ಮಂಜಿತ್ತು. ತಾತ ಹ್ಯಾಟು ತೆಗೆದು ಬಾಗಿಲಲ್ಲಿ ನಿಂತ.

“ಕೇಳಿರಪ್ಪೋ! ಮತಗಟ್ಟೆ ತೆರೆದಿದೆ!”

ಒಡೆದ ದನಿ, ಆದರೂ ದೊಡ್ಡದು. ಹೊಳೆಯಾಚೆ ಓಥಾನ ಜಗಲಿಯ ದೀಪ ಎರಡು ಸಲ ಮಿಟುಕಿತು. ಮೊಣಕಾಲು ಸೋತು ಮನೆಯಲ್ಲೇ ಕೂತಿರುವ ಮುದುಕ ಅವನು. ಅಂಚೆಯಲ್ಲೇ ಮತ ಕಳಿಸುತ್ತಾನೆ. ಕೂಗು ಕೇಳಿಸಿದರೆ ದೀಪ ಮಿಟುಕಿಸುವುದು ಅವನ ವಾಡಿಕೆ. ಕೇಳದಿದ್ದರೆ ಮಿಟುಕಿಸುವುದಿಲ್ಲ, ಕೂಗಿದವನು ಗೆಳೆಯನಾದರೂ ಸರಿ.

“ಇನ್ನೂ ಇದೀಯಲ್ಲೋ ಮುದಿ ಗೂಬೆ,” ಎಂದು ತಾತ ತೃಪ್ತಿಯಿಂದ ಒಳಗೆ ಬಂದ.

ದಿನವಿಡೀ ಜನ ಬಂದರು. ತಾತನ ಬೆನ್ನು ತಟ್ಟಿದರು, ಡೆಲ್ಫಿಯಾ ಕರಿದ ಸೇಬಿನ ಕಡುಬು ತಿಂದರು, ಯಾರೂ ಏಪ್ರಿಲ್‌ನ ಮಾತೆತ್ತಲಿಲ್ಲ. ಕತ್ತಲಾಗುತ್ತ ಬಂದಾಗ ಸಾಲು ಖಾಲಿಯಾಯಿತು. ಮುಚ್ಚುವ ಹೊತ್ತು. ತಾತ ಎದ್ದು ಬಾಗಿಲಿಗೆ ಹೋದ. ಹ್ಯಾಟನ್ನು ತೆಗೆದ. ತೆಗೆದು ರೆಂಡಾಳ ಕೈಯಲ್ಲಿಟ್ಟ.

“ನೀನು ಕೂಗು.”

“ಅಯ್ಯೋ ತಾತ, ನಿನಗಿನ್ನೂ ದನಿ ಇದೆಯಲ್ಲ!”

“ಅದಕ್ಕೇ ಹೇಳ್ತಿರೋದು. ತಪ್ಪಾದ್ರೆ ಬೈಯೋಕೆ ನಂಗೆ ಬಾಯಿರುವಾಗ್ಲೇ ಕಲ್ತುಬಿಡು. ನವೆಂಬರಿನ ದೊಡ್ಡ ಚುನಾವಣೇಲಿ ನಾನು ಬರೀ ಕಣ್ಣು ಬಿಡ್ಬೇಕಾಗತ್ತೆ.”

“‘ನಿನ್ನ ಭಾವ ಕಣ್ಣು ಬಿಟ್ಟರೇ ಸಾಕು, ಹಾಲು ಒಡೆಯತ್ತೆ’ ಅಂತಿದ್ಲು ನಮ್ಮಕ್ಕ,” ಎಂದಳು ಒಳಗಿನಿಂದ ಡೆಲ್ಫಿಯಾ.

ರೆಂಡಾ ಹೊಸ್ತಿಲಲ್ಲಿ ನಿಂತಳು. “ಮತಗಟ್ಟೆ ಮುಚ್ಚಿದೆ,” ಎಂದಳು. ಹೊಳೆಯಾಚೆ ಏನೂ ಆಗಲಿಲ್ಲ.

“ಇದನ್ನ ನಿನ್ನ ಅಂಗಿ ಗುಂಡಿಗೆ ಹೇಳಿದ್ಯಾ?” ತಾತ ಅವಳ ಗಲ್ಲವನ್ನು ಬೆರಳಿನಿಂದ ಮೇಲೆತ್ತಿದ. “ಹೊಟ್ಟೆಯಿಂದ ಕೂಗು. ದನ ತಪ್ಪಿಸ್ಕೊಂಡಿದೆ ಅಂದ್ಕೋ.”

ಅವಳು ಕಣ್ಣು ಮುಚ್ಚಿದಳು.

“ಕೇಳಿರಪ್ಪೋ! ಮತಗಟ್ಟೆ ಮುಚ್ಚಿದೆ!”

ಕೂಗು ಹೊಳೆ ದಾಟಿ ಗುಡ್ಡಕ್ಕೆ ತಾಗಿ ತಿರುಗಿ ಬಂತು. ಎಲ್ಲೋ ನಾಯಿ ಬೊಗಳಿತು. ರೆಂಡಾ ಕಣ್ಣು ತೆರೆಯಲಿಲ್ಲ. ಅವಳ ತೋಳನ್ನು ಬಿಗಿಯಾಗಿ ಹಿಡಿದಿದ್ದ ತಾತನ ಕೈ ನಿರಾಳವಾಗಿ ಸಡಿಲವಾದದ್ದು ಮೊದಲು ತಿಳಿಯಿತು.

ಆಮೇಲೆ ನೋಡಿದಳು. ಆಚೆ ದಡದಲ್ಲಿ ದೀಪ ಒಮ್ಮೆ ಮಿಟುಕಿತು. ತುಸು ತಡೆದು, ಇನ್ನೊಮ್ಮೆ.